ಕಾಯುವ ಗೋಪುರ

ಅಪ್ಪ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದಾಗ ಮೊದಲು ಮಾಡಿದ ಕೆಲಸ ಸಂಘದ ಮೊಹರು ಬದಲಾಯಿಸಿದ್ದು. ಹಳೆಯದರಲ್ಲಿ ಬರೀ ಅಕ್ಷರಗಳಿದ್ದವು. ಅಪ್ಪ ಅದರ ನಡುವೆ ಒಂದು ಗೋಪುರ ಕೂರಿಸಿದರು. ಬೆಂಗಳೂರು ಕಟ್ಟಿದ ಮನೆತನದವರು ಊರಿನ ನಾಲ್ಕು ದಿಕ್ಕಿಗೆ ನಿಲ್ಲಿಸಿದರೆಂದು ಹೇಳುವ ಗಡಿ ಗೋಪುರಗಳಲ್ಲಿ ಉತ್ತರದ್ದು ನಮ್ಮ ಆರ್.ಟಿ. ನಗರದ ಮನೆಯಿಂದ ಅರ್ಧ ಗಂಟೆಯ ನಡಿಗೆ. ಬಳ್ಳಾರಿ ರಸ್ತೆಯ ಪಕ್ಕ ಒಂದು ಬಂಡೆ, ಅದರ ಮೇಲೆ ಕಲ್ಲುಕಂಬಗಳು, ಕಂಬಗಳ ಮೇಲೊಂದು ಗಾರೆಯ ಶಿಖರ. ಇರುವುದು ಅಷ್ಟೇ. ಆದರೆ ಅಪ್ಪನ ಮೊಹರಿನಲ್ಲಿ ಕಂಬಗಳ ನಡುವೆ ಈಟಿ ಹಿಡಿದ ಕಾವಲುಗಾರನೊಬ್ಬ ಎದೆ ಸೆಟೆದು ನಿಂತಿದ್ದ. ಆಗೆಲ್ಲ ಗೋಪುರದ ಚಿತ್ರವೆಂದರೆ ಹಾಗೆಯೇ ಇರುತ್ತಿತ್ತು. ಕ್ಯಾಲೆಂಡರುಗಳಲ್ಲಿ, ಶಾಲೆಯ ಬ್ಯಾಡ್ಜುಗಳಲ್ಲಿ, ರಾಜ್ಯೋತ್ಸವದ ಪೆಂಡಾಲಿನ ಪರದೆಯಲ್ಲಿ ಎಲ್ಲ ಕಡೆ ಅದೇ ಕಾವಲುಗಾರ, ಅದೇ ಈಟಿ.

ಮನೆಗೆ ಹೊಸಬರು ಯಾರು ಬಂದರೂ ಅಪ್ಪ ಗೋಪುರದ ವಿಷಯ ತೆಗೆಯುತ್ತಿದ್ದರು. ಊರು ಈ ಗಡಿಯವರೆಗೆ ಬೆಳೆಯುತ್ತದೆ ಎಂದು ಅಷ್ಟು ಹಿಂದೆಯೇ ಕಂಡುಕೊಂಡವರ ಬಗ್ಗೆ ಹೇಳುವಾಗ ಅವರ ದನಿ ತುಂಬಿಕೊಳ್ಳುತ್ತಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಅಪ್ಪನಿಗೆ ಗಡಿ, ನಿಯಮ, ಕ್ರಮ ಎಂಬ ಮಾತುಗಳು ಬಹಳ ಇಷ್ಟ. ಕೆಟ್ಟವರಲ್ಲ. ನಮ್ಮನ್ನು ಒಂದು ಏಟು ಹೊಡೆದವರಲ್ಲ. ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕ ತನ್ನ ಆಫೀಸಿನವನೊಬ್ಬನನ್ನು ಮದುವೆಯಾಗುತ್ತೇನೆಂದು ಹೇಳಿದಳು. ಅವರು ಕೋಗಿಲು ಕಡೆಯ ಹಳೇ ಒಕ್ಕಲು ಮನೆಯವರು, ಯಲಹಂಕದಲ್ಲಿ ವಾಸ, ನಮ್ಮ ಜಾತಿಯವರಲ್ಲ. ಅಪ್ಪ ಕೂಗಾಡಲಿಲ್ಲ. ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ಅಕ್ಕ ರಿಜಿಸ್ಟ್ರಾರ್ ಕಚೇರಿಗೆ ಹೊರಟ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದರು: "ಇನ್ಮೇಲೆ ನೀನು ಈ ಹೊಸಿಲು ದಾಟಿ ಬರಬಾರದು. ನಿಮ್ಮಮ್ಮ ನಿನ್ನ ಹೊಸಿಲು ದಾಟಬಾರದು." ಅಕ್ಕ ಅಮ್ಮನ ಕಡೆ ನೋಡಿದಳು. ಅಮ್ಮ ಕಂಬಕ್ಕೆ ಒರಗಿಕೊಂಡು ನಿಂತೇ ಇದ್ದಳು. ಅಕ್ಕ ಹೊರಟುಹೋದಳು.

ಅಂದಿನಿಂದ ಅಪ್ಪನ ಬಾಯಲ್ಲಿ ಅಕ್ಕನ ಸುದ್ದಿ ಬರಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನನ್ನ ಕಡೆ ನೋಡಿ "ಇವಳೇ" ಎನ್ನುತ್ತಿದ್ದರು.

ನನಗೆ ಅವರು ಏನೂ ಹೇಳಿರಲಿಲ್ಲ. ಆಗಷ್ಟೇ ಟೈಪಿಸ್ಟ್ ಆಗಿ ಸೇರಿದ್ದ ನನ್ನ ಆಫೀಸು ಅಕ್ಕನ ಆಫೀಸಿಗೆ ಹತ್ತಿರವಿತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇಬ್ಬರೂ ಒಂದು ಪಾರ್ಕಿನ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಅಮ್ಮ ಹೇಗಿದ್ದಾಳೆ ಎಂದು ಅಕ್ಕ ಕೇಳುವುದು, ಸಂಜೆ ಮನೆಗೆ ಹೋದರೆ ಅಡುಗೆಮನೆಯಲ್ಲಿ ಅಮ್ಮ ಅದನ್ನೇ ಕೇಳುವುದು. ಹೀಗೇ ಒಂದು ವರ್ಷ ಕಳೆಯಿತು. ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಅದನ್ನು ಹೇಳಿದ ದಿನ ಅಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಜಾರದಲ್ಲಿ ಅಪ್ಪ ಪೇಪರ್ ಓದುತ್ತಿದ್ದರು.

ರಜೆ ಮುಗಿಸಿ ಕೆಲಸಕ್ಕೆ ಬಂದ ಮೇಲೆ ಅಕ್ಕನೇ ಒಂದು ದಾರಿ ಹುಡುಕಿದಳು. ಸಂಜೆ ಯಲಹಂಕಕ್ಕೆ ಹೋಗುವ ಅವಳ ಬಸ್ಸು ಬಳ್ಳಾರಿ ರಸ್ತೆಯಲ್ಲಿ ಗೋಪುರದ ಬಂಡೆಯನ್ನು ದಾಟಿ ಹೋಗುತ್ತಿತ್ತು. ಅಮ್ಮ ಬಂಡೆಯ ಮೇಲೆ ನಿಂತರೆ ಬಸ್ಸಿನಿಂದ ಕಾಣುತ್ತಾಳೆ, ತಾನು ಆ ಕಡೆಯ ಕಿಟಕಿಯಲ್ಲೇ ಕೂತಿರುತ್ತೇನೆ ಎಂದಳು. ಅಮ್ಮ ಒಪ್ಪುವುದಿಲ್ಲವೆಂದೇ ನನಗೆ ಅನಿಸಿತ್ತು. ಆದರೆ ಅವಳು ಸ್ವಲ್ಪ ಯೋಚಿಸಿ, "ಅದು ಇಬ್ರ ಹೊಸಿಲೂ ಅಲ್ವಲ್ಲ" ಎಂದಳು.

ಮಂಡಿನೋವಿಗೆ ದಿನಾ ನಡೆಯಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಸಂಜೆ ಅಮ್ಮ ಹೊರಗೆ ಹೋಗುವುದನ್ನು ಯಾರೂ ಪ್ರಶ್ನಿಸಲಿಲ್ಲ. ಅಪ್ಪ ಕಚೇರಿಯಿಂದ ಬಂದು ಸಂಘದ ರೂಮಿಗೆ ಹೋಗುವ ಹೊತ್ತಿಗೆ ಅವಳು ಹೂವು ತೆಗೆದುಕೊಂಡು ಹಿಂದಿರುಗುತ್ತಿದ್ದಳು. ಅಮ್ಮನ ಎಡಗೈ ಮಣಿಕಟ್ಟು ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಾಗ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಹೆಚ್ಚು ಹೊತ್ತು ನಿಂತರೆ ನೋಯುತ್ತಿತ್ತು. ಅದಕ್ಕೇ ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಬಲಗೈಯಿಂದ ಆ ಮಣಿಕಟ್ಟನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಬಂಡೆಯ ಮೇಲೂ ಹಾಗೆಯೇ ನಿಲ್ಲುತ್ತಿದ್ದಳೆಂದು, ಬಸ್ಸು ಕಂಡಾಗ ಕೈ ಬಿಡಿಸಿ ಒಂದು ಸಲ ಎತ್ತುತ್ತಿದ್ದಳೆಂದು ಅಕ್ಕ ಹೇಳುತ್ತಿದ್ದಳು.

ಮಗುವನ್ನು ಅಮ್ಮ ನೋಡಿದ್ದು ಒಂದೇ ಸಲ. ಯಾವುದೋ ಚುಚ್ಚುಮದ್ದಿಗೆಂದು ಅದನ್ನು ಆಸ್ಪತ್ರೆಗೆ ಕರೆತಂದಿದ್ದ ದಿನ ಅಕ್ಕ ಅದೇ ಬಸ್ಸಿನಲ್ಲಿ ಹಿಂದಿರುಗಿದಳು, ಗೋಪುರ ಬಂದಾಗ ಮಗುವನ್ನು ಕಿಟಕಿಯ ಕಂಬಿಗೆ ಎತ್ತಿ ಹಿಡಿದಳು. ಅಂದು ಮನೆಗೆ ಬಂದ ಅಮ್ಮ ಹೂವು ತರುವುದನ್ನು ಮರೆತಿದ್ದಳು. ರಾತ್ರಿ ನನಗೆ ಅನ್ನ ಬಡಿಸುತ್ತಾ, "ಬಿಳೀ ಟೋಪಿ ಹಾಕಿದ್ಲು. ಮುಖ ಕಾಣಿಸ್ಲಿಲ್ಲ" ಎಂದಳು.

ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕದ ನಡುವೆ, ಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಬರೆದವರು ಆ ಕಾಲಕ್ಕೆ ದೇಶವಿಡೀ ಹೆಸರಾಗಿದ್ದ ಕಲಾವಿದರು. ದೆಹಲಿ, ಬೊಂಬಾಯಿಗಳಲ್ಲಿ ಇದ್ದು ಬಂದು ಬೆಂಗಳೂರಿನಲ್ಲಿ ನೆಲೆಸಿದ್ದರು. ಅವರ ಹೊಸ ಚಿತ್ರಗಳ ಪ್ರದರ್ಶನದ ವರದಿಯ ಜೊತೆ ಅಂಗೈಯಗಲದ ಒಂದು ಮಸುಕು ಚಿತ್ರ ಅಚ್ಚಾಗಿತ್ತು. ಬೆಂಗಳೂರಿನ ಗೋಪುರ ಎಂದು ಕೆಳಗೆ ಬರೆದಿರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಗೋಪುರ ಒಂದು ಅಂಚಿಗೆ ಸರಿದಿತ್ತು. ಉಳಿದದ್ದೆಲ್ಲ ಬಂಡೆ. ಕಾವಲುಗಾರ ಇರಲಿಲ್ಲ. ಅವನ ಜಾಗದಲ್ಲಿ ಯಾರೋ ಹೆಂಗಸು ನಮಗೆ ಬೆನ್ನು ಮಾಡಿ, ಸ್ವಲ್ಪ ಬಗ್ಗಿ ನಿಂತಿದ್ದಳು.

ಅಪ್ಪ ಆ ಪುಟವನ್ನು ಹಿಡಿದುಕೊಂಡೇ ಎದ್ದು ನಿಂತರು. ಊರಿನ ಗುರುತನ್ನೇ ಕೆಡಿಸಿದ್ದಾರೆ, ವೀರರು ಕಟ್ಟಿದ ಗೋಪುರಕ್ಕೆ ಸೂತಕದ ಕಳೆ ತಂದಿದ್ದಾರೆ ಎಂದು ಅಂದು ಸಂಜೆ ಸಂಘದಲ್ಲಿ ಮಾತಾಡಿದರು. ಅವರೊಬ್ಬರೇ ಅಲ್ಲ. ಪತ್ರಿಕೆಗೂ ಅಂಥವೇ ಪತ್ರಗಳು ಬರತೊಡಗಿದವು. ಪ್ರದರ್ಶನಕ್ಕೆ ಹೋಗಿ ಕಲಾವಿದರ ಕೈಗೇ ಒಂದು ಪ್ರತಿಭಟನೆಯ ಮನವಿ ಕೊಡುವುದೆಂದು ಸಂಘದಲ್ಲಿ ತೀರ್ಮಾನವಾಯಿತು. ಅಪ್ಪ ಹೇಳಿದರು, ನಾನು ಟೈಪ್ ಮಾಡಿದೆ. ಟೈಪ್ ಮಾಡುವಾಗ ನನ್ನ ಮನಸ್ಸಿನಲ್ಲಿ ಒಂದು ಅನುಮಾನ ಸುಳಿದಾಡುತ್ತಲೇ ಇತ್ತು. ಪತ್ರಿಕೆಯ ಮಸಿಯಲ್ಲಿ ಆ ಹೆಂಗಸಿನ ಕೈಗಳು ಕಾಣುತ್ತಿರಲಿಲ್ಲ. ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ಪುಟ ಮಡಿಸಿಟ್ಟು ಹೋದಳು. ಆದರೆ ಅಂದು ಸಂಜೆಯೂ ವಾಕಿಂಗಿಗೆ ಹೋದಳು.

ಭಾನುವಾರ ಬೆಳಿಗ್ಗೆ ಅಪ್ಪ, ಸಂಘದ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್ಮಾಸ್ಟರು ಮತ್ತು ನಾನು ಬಸ್ಸು ಹತ್ತಿ ಪ್ರದರ್ಶನಕ್ಕೆ ಹೋದೆವು. ಇಂಗ್ಲಿಷಿನಲ್ಲಿ ಮಾತಾಡಬೇಕಾಗಿ ಬಂದರೆ ಇರಲಿ ಎಂದು ಅಪ್ಪ ನನ್ನನ್ನು ಕರೆದುಕೊಂಡಿದ್ದರು. ಕೋಟು ಹಾಕಿದ್ದರು. ಜೇಬಿನಲ್ಲಿ ಮನವಿ ಇತ್ತು.

ಹಾಲಿನ ಕೊನೆಯ ಗೋಡೆಯಲ್ಲಿ ಆ ಚಿತ್ರವಿತ್ತು. ನಾನು ಎಣಿಸಿದ್ದಕ್ಕಿಂತ ಬಹಳ ದೊಡ್ಡದು. ಬಂಡೆ ಸಂಜೆಯ ಕಂದುಬಣ್ಣದಲ್ಲಿತ್ತು. ಬಿಚ್ಚಿಟ್ಟ ಚಪ್ಪಲಿ ಒಂದು ಕಡೆ. ದೂರದಲ್ಲಿ ರಸ್ತೆ, ರಸ್ತೆಯ ಮೇಲೆ ಏನೂ ಇಲ್ಲ. ಕಂಬದ ಪಕ್ಕ ನಿಂತ ಹೆಂಗಸು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಲಗೈಯಿಂದ ಎಡಗೈ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಮಣಿಕಟ್ಟು ಸೊಟ್ಟಗಿತ್ತು.

ನಾನು ಅಪ್ಪನ ಮುಖ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

ಹೆಡ್ಮಾಸ್ಟರು ಆಗಲೇ ಕಲಾವಿದರನ್ನು ಕರೆತಂದಿದ್ದರು. ಬಿಳಿ ಗಡ್ಡ, ಕಾಲರಿಲ್ಲದ ಅಂಗಿ, ಮೆಲುದನಿಯ ಮನುಷ್ಯ. ಗೋಪುರವೆಂದರೆ ಕಾವಲು, ಕಾವಲುಗಾರ ಎಲ್ಲಿ ಹೋದ ಎಂದು ಹೆಡ್ಮಾಸ್ಟರು ಪಾಠ ಒಪ್ಪಿಸಿಕೊಳ್ಳುವವರಂತೆ ಕೇಳಿದರು. ಕಲಾವಿದರಿಗೆ ಕೋಪ ಬರಲಿಲ್ಲ.

"ಒಂದು ಚಳಿಗಾಲ ಪೂರ್ತಿ ಅಲ್ಲಿ ಕೂತು ಸ್ಕೆಚ್ ಮಾಡ್ತಿದ್ದೆ ಸರ್. ಈಟಿ ಹಿಡಿದವ್ರು ಯಾರೂ ಬರ್ಲಿಲ್ಲ. ಈ ತಾಯಿ ದಿನಾ ಬರ್ತಿದ್ರು."

"ಅದು ಊರು ಕಾಯೋ ಗೋಪುರ ಕಣ್ರೀ" ಎಂದರು ಹೆಡ್ಮಾಸ್ಟರು.

"ಇವ್ರೂ ಕಾಯ್ತಾನೇ ಇದ್ರು."

ಅಪ್ಪ ಆಗ ಮೊದಲ ಸಲ ಬಾಯಿ ತೆರೆದರು. "ಯಾರನ್ನ ಕಾಯ್ತಿದ್ರು?"

"ಕೇಳ್ಲಿಲ್ಲ ಸರ್. ಕೇಳಬಾರದು ಅನ್ನಿಸ್ತು. ಸ್ವಲ್ಪ ಹೊತ್ತು ನಿಲ್ಲೋರು, ಒಂದ್ಸಲ ಕೈ ಎತ್ತೋರು, ಇಳಿದು ಹೋಗೋರು. ಯಾರೂ ಬಂದಿದ್ದನ್ನ ನಾನು ನೋಡ್ಲಿಲ್ಲ. ಅದಕ್ಕೇ ರಸ್ತೆ ಖಾಲಿ ಬಿಟ್ಟೆ."

ಅಪ್ಪ ಜೇಬಿಗೆ ಕೈ ಹಾಕಿದರು. ಮನವಿ ಕೊಡುತ್ತಾರೆಂದುಕೊಂಡೆ. ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. "ಬನ್ನಿ ಮೇಷ್ಟ್ರೇ, ಹೋಗೋಣ" ಎಂದರು. ಹೆಡ್ಮಾಸ್ಟರಿಗೆ ಏನೂ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಎರಡು ಮೂರು ಸಲ ಕಾರಣ ಕೇಳಿದರು. ಅಪ್ಪ ಹೊರಗೆ ನೋಡುತ್ತಾ ಕೂತಿದ್ದರು. ಮರುವಾರ ಅವರು ಕಾರ್ಯದರ್ಶಿ ಕೆಲಸ ಬಿಟ್ಟರು. ಆರೋಗ್ಯದ ಕಾರಣ ಎಂದು ಹೇಳಿದರಂತೆ.

ಆ ಭಾನುವಾರ ಮನೆಗೆ ಬಂದಾಗ ಅಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಕೋಟು ಬಿಚ್ಚದೆ ಅವಳೆದುರು ಕುರ್ಚಿಯಲ್ಲಿ ಕೂತರು. ನಾನು ಅಡುಗೆಮನೆಗೆ ಹೋದೆ. ಅಲ್ಲಿಗೂ ಮಾತು ಕೇಳುತ್ತಿತ್ತು.

"ಯಾವಾಗಿನಿಂದ?" ಎಂದರು ಅಪ್ಪ.

ಅಮ್ಮ ಕೇಳಿಸದವಳಂತೆ ಮಾಡಲಿಲ್ಲ. "ಅವಳಿಗೆ ಮಗು ಆದಾಗಿನಿಂದ" ಎಂದಳು.

ಮಗುವಿನ ವಿಷಯ ಅಪ್ಪನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಅವರು, "ನನಗ್ಯಾಕೆ ಹೇಳ್ಲಿಲ್ಲ?" ಎಂದರು. ಅದು ಗದರಿಕೆಯಾಗಿರಲಿಲ್ಲ.

"ನೀವು ಕೇಳಿದ್ರೆ ಹೇಳ್ತಿದ್ದೆ. ನಿಮ್ಮ ಮಾತು ನಾನು ಮೀರಿಲ್ಲ. ಅವಳ ಮನೆಗೆ ಹೋಗಿಲ್ಲ, ಅವಳನ್ನ ಇಲ್ಲಿಗೆ ಕರೆದಿಲ್ಲ."

ಅಪ್ಪ ಎದ್ದು ಕೋಣೆಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೂ ಬರಲಿಲ್ಲ.

ಮರುದಿನ ಕಚೇರಿಯಿಂದ ಬೇಗ ಬಂದರು. ಅಮ್ಮ ಹೊರಟಾಗ ತಾವೂ ಚಪ್ಪಲಿ ಮೆಟ್ಟಿದರು. ಅಮ್ಮ ಮುಂದೆ, ಅವರು ಹಿಂದೆ, ದಾರಿಯುದ್ದಕ್ಕೂ ಮಾತಿಲ್ಲವಂತೆ. ಬಂಡೆಯ ಮೇಲೆ ಅಮ್ಮ ತನ್ನ ಜಾಗದಲ್ಲಿ ನಿಂತಳು. ಅಪ್ಪ ಸ್ವಲ್ಪ ಕೆಳಗೆ ನಿಂತರು. ಬಸ್ಸು ಬಂತು. ಅಕ್ಕ ಇಬ್ಬರನ್ನೂ ನೋಡಿದಳು, ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು. ಅಮ್ಮ ಎತ್ತಿದ್ದ ಕೈ ಹಾಗೇ ಉಳಿಯಿತು. ಇದನ್ನು ಅಮ್ಮ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ.

ಅಂದು ರಾತ್ರಿ ಅಪ್ಪ ನನ್ನನ್ನು ಕರೆದು, ಭಾನುವಾರ ಮನೆಗೆ ಬರಲಿಕ್ಕೆ ಅಕ್ಕನಿಗೆ ತಿಳಿಸು ಎಂದರು. ಮಗುವನ್ನೂ ಕರೆತರಲಿ ಎಂದರು. ಅಳಿಯನ ಮಾತು ಆಡಲಿಲ್ಲ. ಆದರೂ ಆ ಮಾತು ಹೊರಡಿಸಲು ಅವರು ಪಟ್ಟ ಪಾಡು ನನಗೆ ಕಾಣುತ್ತಿತ್ತು. ಮರುದಿನ ಮಧ್ಯಾಹ್ನ ಓಡುವ ಹಾಗೆ ಪಾರ್ಕಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಪ್ರದರ್ಶನ, ಚಿತ್ರ, ಅಪ್ಪನ ಕರವಸ್ತ್ರ, ಎಲ್ಲ. ಅವಳು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ಅಮ್ಮ ಇಷ್ಟು ವರ್ಷ ಅವರ ಕಣ್ಣೆದುರಿಗೇ ಓಡಾಡ್ತಿದ್ಲು ಕಣೇ. ಆಗ ಕಾಣಿಸ್ಲಿಲ್ಲ. ಯಾರೋ ದೊಡ್ಡೋರು ಬರೆದು ಗೋಡೆಗೆ ಹಾಕಿದ ಮೇಲೆ ಕಾಣಿಸಿದ್ಲಾ?"

ಬರುವುದಿಲ್ಲ ಎಂದು ಹೇಳು ಎಂದಳು. ನಾನು ಮನೆಗೆ ಬಂದು ಅಷ್ಟನ್ನು ಮಾತ್ರ ಹೇಳಿದೆ. ಅಪ್ಪ ತಲೆಯಾಡಿಸಿದರು, ಆಗಲಿ ಎಂಬಂತೆ.

ಆ ಚಿತ್ರದ ಖ್ಯಾತಿ ಬೆಳೆಯುತ್ತಾ ಹೋಯಿತು. ಪರವಾಗಿಯೂ ಪತ್ರಗಳು ಬಂದವು. ಈಟಿ ಹಿಡಿದ ಕಾವಲುಗಾರನ ಚಿತ್ರ ನೋಡಿ ಬೇಸತ್ತವರು ಬಹಳ ಜನ ಇದ್ದರೆಂದು ಕಾಣುತ್ತದೆ. ಕಲಾಶಾಲೆಯ ಹುಡುಗ ಹುಡುಗಿಯರು ಸಂಜೆ ಬಂಡೆಯ ಮೇಲೆ ಹಾಳೆ ಹರಡಿಕೊಂಡು ಕೂರತೊಡಗಿದರು. ಕ್ಯಾಮೆರಾ ಹಿಡಿದವರು ಬಂದರು. ಒಂದು ಸಂಜೆ ಒಬ್ಬ ಹುಡುಗಿ ಅಮ್ಮನ ಹತ್ತಿರ ಬಂದು, ಚಿತ್ರದಲ್ಲಿರುವ ಹಾಗೆ ಸ್ವಲ್ಪ ತಿರುಗಿ ನಿಲ್ಲುತ್ತೀರಾ ಆಂಟಿ ಎಂದು ಕೇಳಿದಳಂತೆ. ಅವಳಿಗೆ ಅಮ್ಮ ಯಾರೆಂದು ಗೊತ್ತಿರಲಿಲ್ಲ, ಸುಮ್ಮನೆ ಸೀರೆಯುಟ್ಟ ಹೆಂಗಸು ಬೇಕಿತ್ತು. ಅಮ್ಮ ಬಂಡೆಯಿಂದ ಇಳಿದು ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ. ಮತ್ತೆ ಅವಳು ಅಲ್ಲಿಗೆ ಹೋಗಲಿಲ್ಲ.

ಆ ವಾರವೆಲ್ಲ ಸಂಜೆಯ ಹೊತ್ತು ಮನೆಯಲ್ಲೇ ಇರುತ್ತಿದ್ದಳು. ಮಾಡಲು ಕೆಲಸವಿಲ್ಲದೆ ಒರೆಸಿದ್ದನ್ನೇ ಒರೆಸುತ್ತಿದ್ದಳು. ನಾನು ಕಲಾವಿದರ ಮೇಲೆ ಸಿಟ್ಟಾಗಿ ಏನೋ ಅಂದೆ. ಅಮ್ಮ ಅದಕ್ಕೆ ಸೇರಲಿಲ್ಲ. ಅವರು ಸ್ವಲ್ಪ ದೂರದಲ್ಲಿ ಕೂತಿರುತ್ತಿದ್ದರು, ಯಾವತ್ತೂ ಮಾತಾಡಿಸಲಿಲ್ಲ, ಒಳ್ಳೆ ಮನುಷ್ಯ ಎಂದಳು. ಆಮೇಲೆ, "ನಾನು ಅಷ್ಟು ಬಗ್ಗಿ ನಿಲ್ತೀನೇನೇ?" ಎಂದು ಕೇಳಿದಳು. ಪತ್ರಿಕೆಯಲ್ಲಿ ನೋಡಿದಾಗಿನಿಂದ ಅವಳಿಗೆ ಅದೊಂದೇ ಕೊರೆಯುತ್ತಿತ್ತೆಂದು ಕಾಣುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅಮ್ಮ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಹಜಾರಕ್ಕೆ ಬಂದಳು. ಅಪ್ಪ ಪೇಪರ್ ಓದುತ್ತಿದ್ದರು.

"ಯಲಹಂಕಕ್ಕೆ ಹೋಗ್ತಿದ್ದೀನಿ. ಸಾಯಂಕಾಲ ಬರ್ತೀನಿ" ಎಂದಳು.

ನನ್ನ ನೆನಪಿನಲ್ಲಿ ಅಮ್ಮ ಅಪ್ಪನಿಗೆ ಏನನ್ನಾದರೂ ಕೇಳದೆ ಹೇಳಿದ್ದು ಅದೇ ಮೊದಲು. ಅಪ್ಪ ಪೇಪರ್ ಕೆಳಗಿಳಿಸಿದರು. ಅವಳನ್ನು ನೋಡಿದರು. ಕಿಟಕಿಯ ಕಡೆ ನೋಡಿದರು.

"ಮಳೆ ಬರೋ ಹಾಗಿದೆ. ಛತ್ರಿ ತಗೊಂಡು ಹೋಗು" ಎಂದರು.

ನಾನೂ ಜೊತೆಗೆ ಹೋದೆ. ಅಕ್ಕನ ಮನೆ ಯಲಹಂಕದ ಹಳೇ ಊರಿನ ಒಂದು ಸಂದಿಯಲ್ಲಿತ್ತು. ಬಾಗಿಲಲ್ಲಿ ಅವಳ ಅತ್ತೆ ರಾಗಿ ಕೇರುತ್ತಿದ್ದರು. ನನ್ನನ್ನು ಎಂದೂ ನೋಡಿರಲಿಲ್ಲ, ಅಮ್ಮನನ್ನೂ ನೋಡಿರಲಿಲ್ಲ. ಆದರೂ ಅಕ್ಕನ ಮುಖದ ಹೋಲಿಕೆಯಿಂದ ಗುರುತು ಹಿಡಿದರೇನೋ, ಮೊರ ಕೆಳಗಿಟ್ಟು ಎದ್ದು, "ಬನ್ನಿ ತಾಯಿ, ಒಳಿಕ್ ಬನ್ನಿ. ಇಷ್ಟ್ ದಿನ ಆಯ್ತಲ್ಲ ನೀವು ಬರಾಕೆ. ಎಂಗಿದೀರಿ?" ಎಂದರು. ಅಕ್ಕ ಒಳಗಿನಿಂದ ಬಂದವಳು ಅಮ್ಮನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಹಿಂದೆ ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಲಂಗ ಎತ್ತಿ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಅಮ್ಮ ಯಾರನ್ನೂ ಮಾತಾಡಿಸದೆ ಆ ಮಗುವಿನ ಮುಂದೆ ಹೋಗಿ ನೋವಿನ ಮಂಡಿಯನ್ನು ಊರಿ ಕೂತಳು. ಬಹಳ ಹೊತ್ತು ಅದರ ಮುಖವನ್ನು ನೋಡುತ್ತಾ ಇದ್ದಳು.

ಅಲ್ಲಿಂದ ಪ್ರತಿ ಭಾನುವಾರ ಅಮ್ಮ ಯಲಹಂಕಕ್ಕೆ ಹೋಗುತ್ತಿದ್ದಳು. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸಂಜೆಯಾಗುತ್ತಿದ್ದಂತೆ ಮಾತ್ರ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದರು. ಅಮ್ಮ ಇಳಿದರೆ ಕೈಯಿಂದ ಚೀಲ ತೆಗೆದುಕೊಳ್ಳುವರು. ಅಲ್ಲಿ ಏನಾಯಿತು, ಯಾರು ಹೇಗಿದ್ದಾರೆ ಎಂದು ಒಂದು ದಿನವೂ ಕೇಳಲಿಲ್ಲ. ಆದರೆ ಅಮ್ಮ ಅಡುಗೆಮನೆಯಲ್ಲಿ ನನಗೆ ಮಗುವಿನ ಸುದ್ದಿ ಹೇಳುವಾಗ ಹಜಾರದ ರೇಡಿಯೊ ನಿಂತುಹೋಗುತ್ತಿತ್ತು.

ಹೀಗೆ ಮಳೆಗಾಲ ಕಳೆಯಿತು, ಚಳಿಗಾಲವೂ ಅರ್ಧವಾಯಿತು. ಒಂದು ಭಾನುವಾರ ಅಮ್ಮನಿಗೆ ಅಲ್ಲೇ ಜ್ವರ ಬಂತು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಅಕ್ಕ ತಾನೂ ಬಸ್ಸು ಹತ್ತಿದಳು. ನಾನು ಅಂದು ಅಪ್ಪನ ಜೊತೆ ಸ್ಟಾಪಿನಲ್ಲಿದ್ದೆ. ಅಮ್ಮ ಇಳಿದಳು, ಅವಳ ತೋಳು ಹಿಡಿದು ಅಕ್ಕ ಇಳಿದಳು. ಅಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತರು.

"ಬಸ್ಸು ತಡ ಆಯ್ತಾ?" ಎಂದು ಕೇಳಿದರು. ಯಾರನ್ನು ಕೇಳಿದರೆಂದು ಹೇಳುವಂತಿರಲಿಲ್ಲ.

"ಹೆಬ್ಬಾಳದ ಹತ್ರ ರೈಲ್ವೆ ಗೇಟ್ ಹಾಕಿತ್ತು" ಎಂದಳು ಅಕ್ಕ.

ಅಷ್ಟೇ. ಅಮ್ಮ ಅಕ್ಕನ ಹೆಗಲ ಮೇಲೆ ಭಾರ ಹಾಕಿ ನಡೆಯುತ್ತಿದ್ದಳು. ಮನೆ ಬಂತು. ಅಕ್ಕ ಗೇಟಿನ ಬಳಿ ನಿಲ್ಲುತ್ತಾಳೇನೋ ಎಂದು ನನಗೆ ಭಯ. ಆದರೆ ಕೈ ಬಿಟ್ಟರೆ ಅಮ್ಮ ಬೀಳುವ ಹಾಗಿದ್ದಳು. ಅಪ್ಪ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತರು. ಅಕ್ಕ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದಳು, ಹೊದಿಸಿದಳು. ಹೊರಗೆ ಬಂದವಳು ಹಜಾರದಲ್ಲಿ ಕೂರದೆ ವರಾಂಡದ ಬೆಂಚಿನ ಮೇಲೆ ಹೋಗಿ ಕೂತಳು.

ಅಡುಗೆಮನೆಗೆ ಹೋಗಲು ಎದ್ದ ನನ್ನನ್ನು ಅಪ್ಪ ಕೈಸನ್ನೆಯಿಂದ ತಡೆದರು. ತಾವೇ ಹೋಗಿ ಕಾಫಿ ಮಾಡಿದರು. ಅದಕ್ಕೆ ಮುಂಚೆ ಅವರು ಒಲೆ ಹಚ್ಚಿದ್ದನ್ನೇ ನಾನು ನೋಡಿರಲಿಲ್ಲ. ಹಾಲು ಉಕ್ಕಿ ಚೆಲ್ಲಿದ ವಾಸನೆ ಬಂತು. ಲೋಟ ತಂದು ಅಕ್ಕನ ಪಕ್ಕ ಬೆಂಚಿನ ಮೇಲಿಟ್ಟು ಒಳಗೆ ಹೋದರು. ಅಕ್ಕ ಅದನ್ನು ಪೂರ್ತಿ ಕುಡಿದಳು. ಸಕ್ಕರೆ ತುಂಬಾ ಹಾಕಿದ್ದಾರೆ ಎಂದು ನನ್ನ ಕಿವಿಯಲ್ಲಿ ಹೇಳುವಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಅದಾದ ಮೇಲೆ ಅಕ್ಕ ಬರುತ್ತಿದ್ದಳು. ಹಬ್ಬಗಳಿಗಲ್ಲ, ಅಮ್ಮನಿಗೆ ಹುಷಾರಿಲ್ಲದಾಗ, ಏನಾದರೂ ಕೆಲಸವಿದ್ದಾಗ. ಹುಡುಗಿಯನ್ನೂ ಕರೆತರುತ್ತಿದ್ದಳು. ಅವಳು ಮತ್ತು ಅಪ್ಪ ಆ ಹಳೆಯ ಬೆಳಿಗ್ಗೆಯ ಬಗ್ಗೆ ಎಂದೂ ಮಾತಾಡಲಿಲ್ಲ. ತಪ್ಪಾಯಿತು ಎಂದು ಅಪ್ಪ ಹೇಳಲಿಲ್ಲ, ಅಕ್ಕ ಅದನ್ನು ಮರೆಯಲೂ ಇಲ್ಲ. ಇಬ್ಬರ ನಡುವೆ ಒಂದು ಬಗೆಯ ಬಿಗಿ ಕೊನೆಯವರೆಗೆ ಉಳಿಯಿತು. ಚಿತ್ರವನ್ನು ಹೊರ ಊರಿನ ಯಾರೋ ಕೊಂಡುಕೊಂಡರೆಂದು ಪತ್ರಿಕೆಯಲ್ಲಿ ಓದಿದೆವು. ಅಮ್ಮ ಅದರ ಅಸಲನ್ನು ನೋಡಲೇ ಇಲ್ಲ. ನೋಡಬೇಕೆಂದು ಕೇಳಲೂ ಇಲ್ಲ.

ಅಪ್ಪ ಅಕ್ಕನ ಮನೆಗೆ ಹೋದದ್ದು ಒಂದೇ ಸಲ, ಅವರ ನಿವೃತ್ತಿಯಾದ ವರ್ಷ. ಅಕ್ಕನ ಅತ್ತೆಯೇ ಹೇಳಿ ಕಳಿಸಿದ್ದರು. ಅಪ್ಪ ಕೋಟು ಹಾಕಿಕೊಂಡು ಹೋದರು. ಅಂಗಳದಲ್ಲಿ ಹಾಕಿದ ಕುರ್ಚಿಯ ಮೇಲೆ ನೆಟ್ಟಗೆ ಕೂತರು. ಭಾವ ಎದುರಿಗೆ ಸ್ಟೂಲಿನ ಮೇಲೆ ಕೂತು ಪುಟ್ಟೇನಹಳ್ಳಿ ಕೆರೆಗೆ ಆ ವರ್ಷ ಬಂದ ನೀರಿನ ಬಗ್ಗೆ ಮಾತಾಡಿದರು. ಅಪ್ಪ ಕೇಳಿಸಿಕೊಂಡರು. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಬೇರೆಯವರ ಮನೆಯಲ್ಲಿ ನೀರನ್ನೂ ಕುಡಿಯದಿದ್ದ ಅಪ್ಪ ಎಲೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಊಟ ಮಾಡಿದರು. ಮುದ್ದೆ ಮುರಿಯುವುದು ಬಾರದೆ ಕೈ ಸುಟ್ಟುಕೊಂಡರು. ಮೊಮ್ಮಗಳು ಪಕ್ಕದಲ್ಲಿ ಕೂತು ಹೇಗೆ ಮುರಿಯಬೇಕೆಂದು ತೋರಿಸಿಕೊಟ್ಟಳು.

ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಹೆಬ್ಬಾಳ ದಾಟಿದ ಮೇಲೆ ಅಮ್ಮನ ಕಡೆ ತಿರುಗಿ, "ಅವರೆಕಾಳು ಹದವಾಗಿ ಬೇಯಿಸ್ತಾರೆ ಅವರು" ಎಂದರು. ಅಮ್ಮ "ಹೂಂ" ಎಂದಳು.